ಕೆಟ್ಟ ಮೊಸರು ನುಡಿದ ಸಾಕ್ಷಿ

ಮೊಸರು ಎಷ್ಟು ದಿನ ಮೊಸರಾಗಿ ಉಳಿಯುತ್ತದೆ? ಯಾವ ಮನೆಯ ಅಡುಗೆಮನೆಯಲ್ಲಿ ಕೇಳಿದರೂ ಇದಕ್ಕೆ ಉತ್ತರ ಸಿದ್ಧವಾಗಿರುತ್ತದೆ. ಮೊದಲ ದಿನ ಅನ್ನಕ್ಕೆ, ಎರಡನೆಯ ದಿನ ಮಜ್ಜಿಗೆಗೆ, ಮೂರನೆಯ ದಿನ ಹುಳಿಗೆ. ಅದರಾಚೆಗೆ ಪಾತ್ರೆ ತೊಳೆಯುವುದೊಂದೇ ಉಳಿದಿರುವ ಕೆಲಸ. ಇಷ್ಟು ಸಾಮಾನ್ಯವಾದ ಈ ಪ್ರಶ್ನೆ ಒಮ್ಮೆ ದೆಹಲಿಯ ಮ್ಯಾಜಿಸ್ಟ್ರೇಟರ ಮುಂದೆ ಬಂದು, ಅಲ್ಲಿಂದ ಹೈಕೋರ್ಟಿನ ಮೆಟ್ಟಿಲು ಹತ್ತಿ, ಕೊನೆಗೆ ದೇಶದ ಅತ್ಯುನ್ನತ ನ್ಯಾಯಾಲಯದವರೆಗೂ ಹೋಯಿತೆಂದರೆ ನಂಬುವುದು ಕಷ್ಟ. ಆದರೆ ಹೋದದ್ದು ನಿಜ. ಕಾನೂನು ವರದಿಗಳ 1967ರ ಸಂಪುಟಗಳಲ್ಲಿ ಅದು ಅಚ್ಚಾಗಿದೆ. ಇಂದಿಗೂ ಆಹಾರ ಕಲಬೆರಕೆಯ ಮೊಕದ್ದಮೆ ನಡೆಸುವ ವಕೀಲರು ಅದನ್ನು ಉದ್ಧರಿಸುತ್ತಾರೆ.

1961ರ ಸೆಪ್ಟೆಂಬರ್ 20ರಂದು ದೆಹಲಿ ನಗರಪಾಲಿಕೆಯ ಆಹಾರ ನಿರೀಕ್ಷಕರು ಒಬ್ಬ ಮಾರಾಟಗಾರನಿಂದ ಹಸುವಿನ ಹಾಲಿನ ಮೊಸರಿನ ಮಾದರಿ ತೆಗೆದುಕೊಂಡರು. ಆತ ಸಾಮಾನ್ಯ ಮನುಷ್ಯ. ಅವನ ಹೆಸರು ವರದಿಯಲ್ಲಿದೆ, ಇಲ್ಲಿ ಬೇಕಾಗಿಲ್ಲ. ಆಗ ಜಾರಿಯಲ್ಲಿದ್ದದ್ದು 1954ರ ಆಹಾರ ಕಲಬೆರಕೆ ತಡೆ ಕಾಯ್ದೆ. ಅದರ ಪ್ರಕಾರ ತೆಗೆದ ಮಾದರಿಯನ್ನು ಮೂರು ಭಾಗ ಮಾಡಿ, ಮೂರಕ್ಕೂ ಮೊಹರು ಹಾಕಬೇಕು. ಒಂದು ಮಾರಾಟಗಾರನ ಕೈಗೆ, ಒಂದು ಸಾರ್ವಜನಿಕ ವಿಶ್ಲೇಷಕರಿಗೆ, ಮೂರನೆಯದು ನಿರೀಕ್ಷಕರ ಬಳಿಯೇ. ಮೂರೂ ಕಡೆ ಒಂದೇ ಮೊಸರು. ಯಾರ ಮಾತು ಸರಿ ಎಂಬ ಜಗಳ ಬಂದರೆ ಹೋಲಿಸಿ ನೋಡಲು ಅನುಕೂಲವಾಗಲೆಂದು ಈ ಏರ್ಪಾಡು.

ವಿಶ್ಲೇಷಕರು ಅಕ್ಟೋಬರ್ 3ರಂದು ಪರೀಕ್ಷೆ ಮಾಡಿದರು. ಅಕ್ಟೋಬರ್ 23ರಂದು ವರದಿ ಕಳುಹಿಸಿದರು. ಮೊಸರು ನಿಗದಿತ ಮಟ್ಟದ್ದಲ್ಲ ಎಂಬುದು ಅದರ ಸಾರಾಂಶ. ಸರಿ, ಮೊಕದ್ದಮೆ ಹೂಡಬೇಕು. ಹೂಡಿದ್ದು ಯಾವಾಗ? 1962ರ ಮೇ 23ರಂದು! ವರದಿ ಕೈಗೆ ಬಂದು ಏಳು ತಿಂಗಳು. ಈ ಏಳು ತಿಂಗಳು ಕಡತ ಯಾವ ಮೇಜಿನ ಮೇಲೆ ಮಲಗಿತ್ತು ಎಂಬುದಕ್ಕೆ ನಗರಪಾಲಿಕೆ ಯಾವ ವಿವರಣೆಯನ್ನೂ ಕೊಡಲಿಲ್ಲ. ಸರ್ಕಾರಿ ಕಚೇರಿಗಳ ಪರಿಚಯವಿರುವವರಿಗೆ ವಿವರಣೆಯ ಅಗತ್ಯವೂ ಇಲ್ಲ, ಬಿಡಿ.

ಕಾಯ್ದೆಯ 13ನೆಯ ಕಲಮು ಆರೋಪಿಗೆ ಒಂದು ಹಕ್ಕು ಕೊಟ್ಟಿತ್ತು. ಮೊಕದ್ದಮೆ ಶುರುವಾದ ಮೇಲೆ, ನಿಗದಿತ ಶುಲ್ಕ ಕಟ್ಟಿ, ಮಾದರಿಯನ್ನು ಕೇಂದ್ರ ಆಹಾರ ಪ್ರಯೋಗಾಲಯದ ನಿರ್ದೇಶಕರಿಗೆ ಕಳುಹಿಸುವಂತೆ ಆತ ನ್ಯಾಯಾಲಯವನ್ನು ಕೇಳಬಹುದು. ಆ ನಿರ್ದೇಶಕರು ಕೊಡುವ ಪ್ರಮಾಣಪತ್ರದ ಮುಂದೆ ಮೊದಲ ವಿಶ್ಲೇಷಕರ ವರದಿ ನಿಲ್ಲುವುದಿಲ್ಲ. ಅವರ ಮಾತೇ ಅಂತಿಮ. ಇದು ಎಂಥ ಹಕ್ಕು ಎಂಬುದು ವಿದ್ಯಾರ್ಥಿಗಳಿಗೆ ಬೇಗ ಅರ್ಥವಾಗುತ್ತದೆ. ಪರೀಕ್ಷೆಯಲ್ಲಿ 34 ಅಂಕ ಬಂದ ಹುಡುಗ ಮರುಮೌಲ್ಯಮಾಪನಕ್ಕೆ ಹಣ ಕಟ್ಟುತ್ತಾನಲ್ಲ, ಅದೇ ಇದು. ಮೊದಲು ತಿದ್ದಿದವರು ದುಷ್ಟರೆಂದು ಯಾರೂ ಹೇಳುವುದಿಲ್ಲ. ಆದರೂ ತಿದ್ದುವವರ ಕಣ್ಣು ತಪ್ಪುವುದುಂಟು, ಕೂಡಿಸುವಾಗ ಕೈ ತಪ್ಪುವುದುಂಟು.

ದೆಹಲಿಯ ಮಾರಾಟಗಾರ ಈ ಹಕ್ಕನ್ನು ಚಲಾಯಿಸಿದ. ಅವನ ಬಳಿಯಿದ್ದ ಮಾದರಿ ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿಂದ ಬಂದ ಉತ್ತರ ಚಿಕ್ಕದು: ಮೊಸರು ಪೂರ್ತಿ ಕೊಳೆತಿದೆ, ಪರೀಕ್ಷೆ ಸಾಧ್ಯವಿಲ್ಲ. ಉತ್ತರಪತ್ರಿಕೆಯನ್ನು ಗೆದ್ದಲು ತಿಂದ ಮೇಲೆ ಮರುಮೌಲ್ಯಮಾಪನಕ್ಕೆ ಅರ್ಜಿ ಕರೆದಂತಾಯಿತು.

ಇಲ್ಲಿ ಸ್ವಲ್ಪ ರಸಾಯನ ಶಾಸ್ತ್ರ ನೋಡೋಣ. ಈ ಮೊಕದ್ದಮೆಯ ಜೀವ ಇರುವುದೇ ಅದರಲ್ಲಿ.

ಹಾಲಿನ ಗುಣಮಟ್ಟವನ್ನು ಎರಡು ಅಂಕಿಗಳಿಂದ ಅಳೆಯುತ್ತಾರೆ. ಒಂದು ಕೊಬ್ಬು, ಇನ್ನೊಂದು ಕೊಬ್ಬುರಹಿತ ಘನಾಂಶ. ಎರಡನೆಯದೆಂದರೆ ನೀರನ್ನೂ ಕೊಬ್ಬನ್ನೂ ಬಿಟ್ಟು ಉಳಿಯುವ ಪ್ರೋಟೀನು, ಹಾಲಿನ ಸಕ್ಕರೆ, ಲವಣಗಳು. ಅಂದಿನ ನಿಯಮಗಳಲ್ಲಿ ಬಹುಪಾಲು ರಾಜ್ಯಗಳಿಗೆ ಹಸುವಿನ ಹಾಲಿನ ಕೊಬ್ಬು ಕನಿಷ್ಠ ಶೇಕಡಾ 3.5, ಘನಾಂಶ ಕನಿಷ್ಠ ಶೇಕಡಾ 8.5 ಇರಬೇಕಿತ್ತು. ಮೊಸರಿಗೂ ಅದು ಯಾವ ಹಾಲಿನದೋ ಆ ಹಾಲಿನ ಮಟ್ಟವೇ ಅನ್ವಯ. ನೀರು ಬೆರೆಸಿದರೆ ಎರಡೂ ಅಂಕಿ ಇಳಿಯುತ್ತವೆ. ಕೆನೆ ತೆಗೆದರೆ ಮೊದಲನೆಯದು ಮಾತ್ರ ಇಳಿಯುತ್ತದೆ. ಹೀಗೆ ಅಂಕಿಯನ್ನು ನೋಡಿ ಮೋಸದ ಬಗೆಯನ್ನೂ ಊಹಿಸಬಹುದು.

ಈಗ ಮೊಸರಿಗೆ ಬನ್ನಿ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತವೆ. ಒಂದು ಲ್ಯಾಕ್ಟೋಸ್ ಅಣು ಒಂದು ನೀರಿನ ಅಣುವಿನೊಡನೆ ಸೇರಿ ನಾಲ್ಕು ಲ್ಯಾಕ್ಟಿಕ್ ಆಮ್ಲದ ಅಣುಗಳಾಗುತ್ತದೆ. ಅಣುತೂಕಗಳನ್ನು ಕೂಡಿಸಿ ನೋಡಿ: 342 ಮತ್ತು 18 ಸೇರಿದರೆ 360. ಆ ಕಡೆ 90ರ ನಾಲ್ಕು ಪಟ್ಟು, ಅದೂ 360. ಏನೂ ಕಳೆದುಹೋಗಲಿಲ್ಲ! ಹೀಗಾಗಿ ಹಾಲು ಮೊಸರಾದ ಮಾತ್ರಕ್ಕೆ, ಮೊಸರು ಹುಳಿಯಾದ ಮಾತ್ರಕ್ಕೆ ಘನಾಂಶ ಕಡಿಮೆಯಾಗುವುದಿಲ್ಲ. ಹುಳಿ ಮೊಸರನ್ನೂ ಪರೀಕ್ಷೆ ಮಾಡಬಹುದು. ತೊಂದರೆ ಶುರುವಾಗುವುದು ಆಮೇಲೆ. ಗಾಳಿಯಲ್ಲಿರುವ ಯೀಸ್ಟ್, ಬೂಸ್ಟುಗಳು ಮೊಸರಿನ ಮೇಲೆ ಕೂತು ಆಮ್ಲವನ್ನೂ ಉಳಿದ ಸಕ್ಕರೆಯನ್ನೂ ತಿನ್ನತೊಡಗುತ್ತವೆ. ಆಗ ಇಂಗಾಲದ ಡೈ ಆಕ್ಸೈಡ್ ಹಾರಿಹೋಗುತ್ತದೆ. ಪ್ರೋಟೀನು ಒಡೆದು ದುರ್ವಾಸನೆಯ ಅನಿಲಗಳು ಹೊರಡುತ್ತವೆ. ಕೊಬ್ಬೂ ಒಡೆಯುತ್ತದೆ. ಹೀಗೆ ಹಾರಿಹೋದದ್ದನ್ನು ತಕ್ಕಡಿಯಲ್ಲಿ ಇಟ್ಟು ತೂಗುವುದು ಹೇಗೆ? ಎಂಟು ತಿಂಗಳ ಹಿಂದೆ ಮಡಕೆಯಲ್ಲಿ ಏನಿತ್ತೆಂದು ಆ ಕೊಳೆತ ವಸ್ತುವನ್ನು ನೋಡಿ ಯಾವ ವಿಜ್ಞಾನಿಯೂ ಹೇಳಲಾರ.

ಇದಕ್ಕೊಂದು ಅಗ್ಗದ ಉಪಾಯವಿದೆ. ಶಾಲೆಯ ಜೀವಶಾಸ್ತ್ರ ಪ್ರಯೋಗಾಲಯದ ಗಾಜಿನ ಜಾಡಿಗಳಲ್ಲಿ ಕಪ್ಪೆ, ಹಾವುಗಳು ವರ್ಷಗಟ್ಟಲೆ ಕೂತಿರುತ್ತವೆ. ಅವು ಮುಳುಗಿರುವುದು ಫಾರ್ಮಲಿನ್ ದ್ರಾವಣದಲ್ಲಿ. ಸೂಕ್ಷ್ಮಜೀವಿಗಳ ಪ್ರೋಟೀನನ್ನು ಅದು ಗಟ್ಟಿಯಾಗಿ ಕಟ್ಟಿಹಾಕಿಬಿಡುತ್ತದೆ. ಹಾಲು ಮೊಸರಿನ ಮಾದರಿಗಳಿಗೂ ಅದನ್ನೇ ಬಳಸುತ್ತಾರೆ. ಕಲಬೆರಕೆ ತಡೆ ನಿಯಮಗಳು ಸೂಚಿಸಿದ ಪ್ರಮಾಣವೂ ಬಹಳ ಸ್ವಲ್ಪ. 25 ಗ್ರಾಂ ಮಾದರಿಗೆ 0.1 ಮಿಲಿಲೀಟರ್, ಅಂದರೆ ಎರಡು ಹನಿ.

ದೆಹಲಿಯ ಮೊಕದ್ದಮೆಯಲ್ಲಿ ಈ ಲೆಕ್ಕವನ್ನು ವಿಶ್ಲೇಷಕರೇ ಸಾಕ್ಷಿಯಾಗಿ ಬಂದು ಹೇಳಿದರು. ಫಾರ್ಮಲಿನ್‌ನಂಥ ಸಂರಕ್ಷಕ ಹಾಕದೆ ಹೊರಗಿಟ್ಟರೆ ಮೊಸರಿನ ಮಾದರಿ ಏಳು ದಿನ ಪರೀಕ್ಷೆಗೆ ಯೋಗ್ಯವಾಗಿರುತ್ತದೆ. ತಂಗಳಪೆಟ್ಟಿಗೆಯಲ್ಲಿಟ್ಟರೆ ನಾಲ್ಕು ವಾರ. ಸಂರಕ್ಷಕ ಹಾಕಿ ಹೊರಗಿಟ್ಟರೆ ಸುಮಾರು ನಾಲ್ಕು ತಿಂಗಳು, ಹಾಕಿ ತಂಗಳಪೆಟ್ಟಿಗೆಯಲ್ಲಿಟ್ಟರೆ ಆರು ತಿಂಗಳು. ಮಾರಾಟಗಾರನಿಗೆ ಕೊಟ್ಟ ಭಾಗಕ್ಕೆ ಆ ಎರಡು ಹನಿ ಬಿದ್ದಿರಲಿಲ್ಲ. ಬಿದ್ದಿದ್ದರೂ 1962ರ ಜನವರಿ 20ರ ಹೊತ್ತಿಗೆ ಅದರ ಆಯುಸ್ಸು ಮುಗಿಯುತ್ತಿತ್ತು. ಮೊಕದ್ದಮೆ ಹೂಡಿದ್ದು ಮೇ ತಿಂಗಳಲ್ಲಿ.

ಮ್ಯಾಜಿಸ್ಟ್ರೇಟರು ಆರೋಪಿಯನ್ನು ಖುಲಾಸೆ ಮಾಡಿದರು.

ಸಾಮಾನ್ಯವಾಗಿ ಇಂಥ ಸಣ್ಣ ಮೊಕದ್ದಮೆಗಳು ಇಲ್ಲಿಗೆ ಮುಗಿಯುತ್ತವೆ. ಅಂದಿನ ಕಾಯ್ದೆಯಂತೆ ಮೊದಲ ಅಪರಾಧಕ್ಕೆ ಹೆಚ್ಚೆಂದರೆ ಒಂದು ವರ್ಷ ಸಜೆ, ಇಲ್ಲವೇ 2,000 ರೂಪಾಯಿ ದಂಡ, ಅಥವಾ ಎರಡೂ. ಆದರೆ ನಗರಪಾಲಿಕೆ ಸುಮ್ಮನಾಗಲಿಲ್ಲ, ಮೇಲ್ಮನವಿ ಹೂಡಿತು. ಇಲ್ಲಿ ಅನೇಕರಿಗೆ ಅನುಮಾನ ಬರುತ್ತದೆ. ಶಿಕ್ಷೆಯಾದವನು ಮೇಲಿನ ನ್ಯಾಯಾಲಯಕ್ಕೆ ಹೋಗುವುದು ಗೊತ್ತು, ಬಿಡುಗಡೆಯಾದವನನ್ನು ಮತ್ತೆ ಎಳೆದೊಯ್ಯಬಹುದೇ?

ಎಲ್ಲ ದೇಶಗಳಲ್ಲೂ ಆಗದು. ಅಮೆರಿಕದಲ್ಲಿ ಖುಲಾಸೆ ಎಂದರೆ ಮುಗಿಯಿತು. ಅಲ್ಲಿನ ಸಂವಿಧಾನದ ಐದನೆಯ ತಿದ್ದುಪಡಿ ಒಬ್ಬನನ್ನು ಒಂದೇ ಅಪರಾಧಕ್ಕೆ ಎರಡು ಬಾರಿ ಗಂಡಾಂತರಕ್ಕೆ ಗುರಿಮಾಡುವುದನ್ನು ತಡೆಯುತ್ತದೆ. ಫಿಲಿಪೀನ್ಸ್‌ನಿಂದ ಬಂದ ಒಂದು ಮೊಕದ್ದಮೆಯಲ್ಲಿ ಸರ್ಕಾರದ ಅಪೀಲೇ ಆ ಎರಡನೆಯ ಗಂಡಾಂತರ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1904ರಲ್ಲಿ ಹೇಳಿತು. ಇಂಗ್ಲೆಂಡಿನದು ನಡುದಾರಿ. ಮ್ಯಾಜಿಸ್ಟ್ರೇಟರು ಆರೋಪವನ್ನು ವಜಾ ಮಾಡಿದರೆ, ಕಾನೂನಿನ ಪ್ರಶ್ನೆಯೊಂದನ್ನು ಮಾತ್ರ ಬರೆಸಿಕೊಂಡು ಪ್ರಾಸಿಕ್ಯೂಷನ್‌ನವರು ಹೈಕೋರ್ಟಿಗೆ ಹೋಗಬಹುದು. ಈ ವ್ಯವಸ್ಥೆ 1857ರಷ್ಟು ಹಳೆಯದು.

ಹಾಗೆ ಹೋದ ಒಂದು ಪ್ರಸಂಗ ಕಾನೂನು ಓದುವ ಹುಡುಗರಿಗೆಲ್ಲ ಬಾಯಿಪಾಠ. ಗುಂಡಿ ಒತ್ತಿದರೆ ಅಲಗು ಹೊರಚಿಮ್ಮುವ ಚಾಕುವನ್ನು ಮಾರುವುದು, ಮಾರಾಟಕ್ಕೆ ಪ್ರಸ್ತಾಪಿಸುವುದು ಅಪರಾಧ ಎಂದು ಬ್ರಿಟಿಷ್ ಪಾರ್ಲಿಮೆಂಟು 1959ರಲ್ಲಿ ಕಾಯ್ದೆ ಮಾಡಿತು. ಅದೇ ವರ್ಷ ಬ್ರಿಸ್ಟಲ್ ನಗರದ ಒಂದು ಅಂಗಡಿಯ ಗಾಜಿನ ಕಿಟಕಿಯಲ್ಲಿ ಅಂಥ ಚಾಕು ಬೆಲೆಚೀಟಿ ಸಮೇತ ಪೊಲೀಸರ ಕಣ್ಣಿಗೆ ಬಿತ್ತು. ಬೆಲೆ ನಾಲ್ಕು ಷಿಲಿಂಗ್. ಮ್ಯಾಜಿಸ್ಟ್ರೇಟರು ಆರೋಪವನ್ನು ವಜಾ ಮಾಡಿದರು. ಪೊಲೀಸರು ಮೇಲ್ಮನವಿ ಹೋದರು. 1960ರಲ್ಲಿ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಪಾರ್ಕರ್ ಅವರ ಪೀಠ ಅದನ್ನು ತಳ್ಳಿಹಾಕಿತು. ಕಿಟಕಿಯಲ್ಲಿ ವಸ್ತು ಇಟ್ಟರೆ ಅದು ಮಾರಾಟದ ಪ್ರಸ್ತಾಪವಲ್ಲ, ಬಂದು ಕೇಳಿ ಎಂಬ ಆಹ್ವಾನ ಮಾತ್ರ. ಒಪ್ಪಂದದ ಕಾನೂನಿನಲ್ಲಿ ಆ ಪದಕ್ಕಿರುವ ಅರ್ಥ ಅದು, ಬೇರೆ ಅರ್ಥ ಬೇಕಿದ್ದರೆ ಪಾರ್ಲಿಮೆಂಟೇ ಬರೆಯಬೇಕು ಎಂಬುದು ತೀರ್ಪಿನ ತಾತ್ಪರ್ಯ. ಪಾರ್ಲಿಮೆಂಟು 1961ರಲ್ಲಿ ಬರೆಯಿತು. ಪೊಲೀಸರು ಸೋತರೂ ಕಾಯ್ದೆಯಲ್ಲಿದ್ದ ತೂತು ಮುಚ್ಚಿತು. ಸೋತ ಅಪೀಲಿನಿಂದಲೂ ಇಂಥ ಉಪಯೋಗವಾಗುವುದುಂಟು.

ಭಾರತದ್ದು ಇವೆರಡಕ್ಕಿಂತ ವಿಶಾಲವಾದ ದಾರಿ. 1861ರ ಮೊದಲ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಖುಲಾಸೆಯ ವಿರುದ್ಧ ಅಪೀಲು ಇರಲಿಲ್ಲ. 1872ರ ಸಂಹಿತೆ ಸರ್ಕಾರಕ್ಕೆ ಆ ಅಧಿಕಾರ ಕೊಟ್ಟಿತು. ವಸಾಹತು ಸರ್ಕಾರ ತನಗೆ ಬೇಕಾದ ಅಧಿಕಾರವನ್ನು ತಾನೇ ಬರೆದುಕೊಂಡಿತು ಎಂದು ಟೀಕಿಸಬಹುದು. ಆದರೆ ಸ್ವತಂತ್ರ ಭಾರತವೂ ಅದನ್ನು ಬಿಡಲಿಲ್ಲ. 1955ರ ತಿದ್ದುಪಡಿಯಿಂದ ಖಾಸಗಿ ದೂರುದಾರನಿಗೂ ಹೈಕೋರ್ಟಿನ ವಿಶೇಷ ಅನುಮತಿ ಪಡೆದು ಅಪೀಲು ಹೂಡುವ ಅವಕಾಶ ಸಿಕ್ಕಿತು. ಕಾನೂನಿನ ಪ್ರಶ್ನೆಯಷ್ಟೇ ಅಲ್ಲ, ಸಾಕ್ಷ್ಯವನ್ನೂ ಹೈಕೋರ್ಟು ಹೊಸದಾಗಿ ತೂಗಿ ನೋಡಬಹುದು.

ತೂಗುವ ತಕ್ಕಡಿ ಮಾತ್ರ ಬೇರೆ. ಲಂಡನ್ನಿನ ಪ್ರಿವಿ ಕೌನ್ಸಿಲ್ 1934ರಲ್ಲೇ ಹೇಳಿದ್ದ ಮಾತಿದು: ಕೆಳಗಿನ ನ್ಯಾಯಾಧೀಶರು ಸಾಕ್ಷಿಗಳನ್ನು ಕಣ್ಣಾರೆ ಕಂಡವರು, ಅವರ ಅಭಿಪ್ರಾಯಕ್ಕೆ ಬೆಲೆ ಇರಬೇಕು, ಆರೋಪಿ ನಿರಪರಾಧಿ ಎಂಬ ಭಾವನೆ ಖುಲಾಸೆಯಿಂದ ಕುಂದುವುದಿಲ್ಲ, ಸಂಶಯದ ಲಾಭ ಅವನಿಗೇ. ಕರ್ನಾಟಕದಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಈ ಸೂತ್ರಗಳನ್ನೆಲ್ಲ ಒಟ್ಟುಗೂಡಿಸಿತು. ಒಂದೇ ಸಾಕ್ಷ್ಯದಿಂದ ಎರಡು ನ್ಯಾಯವಾದ ತೀರ್ಮಾನಗಳು ಸಾಧ್ಯವಿದ್ದರೆ ಮೇಲಿನ ನ್ಯಾಯಾಲಯ ಖುಲಾಸೆಯನ್ನು ಕದಡಬಾರದು ಎಂಬುದು ಅವುಗಳಲ್ಲಿ ಒಂದು. ಅದು ಕೊಲೆ ಮೊಕದ್ದಮೆ. ಮೊಸರಿಗೂ ಕೊಲೆಗೂ ಸೂತ್ರ ಒಂದೇ ಎನ್ನುವುದರಲ್ಲಿ ಏನೋ ಒಂದು ಸಮಾಧಾನವಿದೆ.

ದೆಹಲಿಯ ಕಥೆಗೆ ಹಿಂದಿರುಗೋಣ. ಹೈಕೋರ್ಟು ಖುಲಾಸೆಯನ್ನು ಎತ್ತಿಹಿಡಿಯಿತು. ನಗರಪಾಲಿಕೆ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಅದರ ವಾದ ಹುರುಳಿಲ್ಲದ್ದಾಗಿರಲಿಲ್ಲ. ಸಾರ್ವಜನಿಕ ವಿಶ್ಲೇಷಕರ ವರದಿ ಇದೆ. ಕಾನೂನಿನಲ್ಲಿ ಅದು ಸಾಕ್ಷ್ಯ. ಮೇಲಿನ ಪ್ರಯೋಗಾಲಯದ ಪ್ರಮಾಣಪತ್ರ ಬಂದರೆ ತಾನೇ ಆ ವರದಿ ಬಿದ್ದುಹೋಗುವುದು? ಪರೀಕ್ಷೆಯೇ ಆಗಲಿಲ್ಲ ಎಂದ ಮೇಲೆ ಮೊದಲ ವರದಿ ನಿಂತೇ ಇದೆಯಲ್ಲವೇ? ತರ್ಕಕ್ಕೆ ಇದು ಸರಿಯಾಗಿಯೇ ಕಾಣುತ್ತದೆ.

ಸುಪ್ರೀಂ ಕೋರ್ಟು ಇದನ್ನು ಅರ್ಧ ಒಪ್ಪಿತು. ವರದಿ ತಾನಾಗಿ ರದ್ದಾಗುವುದಿಲ್ಲ, ನಿಜ. ಆದರೆ ಕಾನೂನು ಒಬ್ಬನಿಗೆ ಬೆಲೆಯುಳ್ಳ ಹಕ್ಕೊಂದನ್ನು ಕೊಟ್ಟಿದೆ. ಆ ಹಕ್ಕು ಅವನ ಕೈತಪ್ಪದಂತೆ ನಡೆದುಕೊಳ್ಳಬೇಕಾದದ್ದು ಮೊಕದ್ದಮೆ ಹೂಡುವವರ ಹೊಣೆ. ವಿಶ್ಲೇಷಣೆಗೆ ಸ್ವಲ್ಪ ತಡವಾಗುವುದು ಸಹಜ. ಅದು ಗೊತ್ತಿದ್ದ ಮೇಲೆ ಮಾರಾಟಗಾರನಿಗೆ ಕೊಡುವ ಭಾಗಕ್ಕೆ ಸಂರಕ್ಷಕ ಹಾಕುವುದು ತೀರ ಪ್ರಾಥಮಿಕವಾದ ಎಚ್ಚರಿಕೆ. ಅದನ್ನು ನಿರೀಕ್ಷಕರು ವಹಿಸಲಿಲ್ಲ. ಆಮೇಲೆ ಏಳು ತಿಂಗಳು ಕಾರಣವಿಲ್ಲದೆ ಕಳೆದರು. ತಮ್ಮ ನಡತೆಯಿಂದಲೇ ಅವನ ರಕ್ಷಣೆಯ ದಾರಿ ಮುಚ್ಚಿ, ಈಗ ಅವನ ಬಳಿ ಬೇರೆ ಪುರಾವೆ ಇಲ್ಲ, ನಮ್ಮ ವರದಿಯೇ ಸಾಕು ಎನ್ನುವುದು ನ್ಯಾಯವಲ್ಲ. ಮೇಲ್ಮನವಿ ವಜಾ ಆಯಿತು. ಒಂದು ಎಚ್ಚರಿಕೆಯ ಮಾತನ್ನೂ ನ್ಯಾಯಾಲಯ ಸೇರಿಸಿತು. ಪ್ರಾಸಿಕ್ಯೂಷನ್‌ನ ತಪ್ಪಿಲ್ಲದೆ ಬೇರೆ ಕಾರಣದಿಂದ ಮಾದರಿ ಕೆಟ್ಟರೆ ಆಗಿನ ವಿಚಾರವೇ ಬೇರೆ. ಮುಂದೆ 1971ರ ಒಂದು ತೀರ್ಪಿನಲ್ಲಿ, ಮರುಪರೀಕ್ಷೆಗೆ ಅರ್ಜಿಯನ್ನೇ ಹಾಕದವನು ಹಕ್ಕು ತಪ್ಪಿತೆಂದು ಕೊರಗುವಂತಿಲ್ಲ ಎಂದೂ ಸ್ಪಷ್ಟವಾಯಿತು. ಹಣ ಕಟ್ಟಿ ಅರ್ಜಿ ಹಾಕದೆ ಮರುಮೌಲ್ಯಮಾಪನ ಮಾಡಲಿಲ್ಲ ಎಂದರೆ ಯಾರು ಕೇಳುತ್ತಾರೆ?

ಇದನ್ನು ಓದಿದ ತಾಯಂದಿರಿಗೆ ಇನ್ನೊಂದು ಪ್ರಶ್ನೆ ಹುಟ್ಟಬಹುದು, ಹುಟ್ಟಬೇಕು ಕೂಡ. ಮಕ್ಕಳಿಗೆ ಕೊಡುವ ಹಾಲು ಮೊಸರಿಗೆ ನೀರು ಬೆರೆಸುವವರು ಊರೂರಲ್ಲಿದ್ದಾರೆ. ಅಂಥವರಲ್ಲೊಬ್ಬ ಎರಡು ಹನಿ ಫಾರ್ಮಲಿನ್ ಇಲ್ಲದ ಕಾರಣಕ್ಕೆ ಪಾರಾದರೆ ಅದು ನ್ಯಾಯವೇ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಖುಲಾಸೆಯೆಂದರೆ ಮೊಸರು ಚೆನ್ನಾಗಿತ್ತು ಎಂಬ ಪ್ರಮಾಣಪತ್ರವಲ್ಲ. ಆ ಮೊಸರು ಹೇಗಿತ್ತೆಂದು ಇನ್ನು ಯಾರಿಗೂ ತಿಳಿಯದು. ಮೊದಲ ವಿಶ್ಲೇಷಕರು ಹೇಳಿದ್ದೇ ಸತ್ಯವಾಗಿದ್ದಿರಬಹುದು. ಆದರೆ ಒಂದು ಸಲ ಅಳೆದದ್ದನ್ನು ಇನ್ನೊಬ್ಬರು ಅಳೆದು ನೋಡುವ ತನಕ ಅದನ್ನು ಪೂರ್ತಿ ನಂಬಬೇಡಿ ಎಂದೇ ವಿಜ್ಞಾನದ ತರಗತಿಯಲ್ಲಿ ಹೇಳಿಕೊಡುವುದು. ಮೊಸರಿನಲ್ಲಂತೂ ಇದು ಇನ್ನೂ ನಿಜ. ಮಡಕೆಯ ಮೇಲ್ಭಾಗದಲ್ಲಿ ಕೆನೆ ಕಟ್ಟಿರುತ್ತದೆ, ತಳದಲ್ಲಿ ಇರುವುದಿಲ್ಲ. ಸೌಟು ಎಲ್ಲಿ ಇಳಿಯಿತು ಎಂಬುದರ ಮೇಲೆ ಕೊಬ್ಬಿನ ಅಂಕಿ ಏರುಪೇರಾಗುತ್ತದೆ. ಒಂದು ವರ್ಷ ಜೈಲಿನ ಮಾತು ಅಂಥ ಅಂಕಿಯೊಂದನ್ನು ನೆಚ್ಚಿಕೊಂಡಿರುವಾಗ ಎರಡನೆಯ ಅಳತೆ ಕೇಳುವುದು ಕಳ್ಳನ ಕುಂಟುನೆಪವಲ್ಲ. ನೀರು ಬೆರೆಸಿದವನನ್ನು ನಿಜವಾಗಿ ಶಿಕ್ಷಿಸಬೇಕೆಂಬ ಆಸೆ ಇದ್ದವರು ಆ ಎರಡು ಹನಿಯನ್ನು ಮರೆಯಬಾರದಿತ್ತು.

ಇನ್ನೊಂದು ಮಗ್ಗುಲೂ ಇದೆ. ಮೊಸರು ತೆಗೆದದ್ದು 1961ರಲ್ಲಿ, ಕೊನೆಯ ತೀರ್ಪು ಬಂದದ್ದು 1966ರ ನವೆಂಬರಿನಲ್ಲಿ. ಐದು ವರ್ಷ! ನಗರಪಾಲಿಕೆಗೆ ಇದು ನೂರಾರು ಕಡತಗಳಲ್ಲಿ ಒಂದು. ಆರೋಪಿಗೆ ಇದ್ದದ್ದು ಈ ಒಂದೇ. ಕೆಳಗೆ ಗೆದ್ದವನು ಮೇಲೆ ಮತ್ತೆ ಮತ್ತೆ ಗೆಲ್ಲಬೇಕು. ಎಲ್ಲಾದರೂ ಒಮ್ಮೆ ಸೋತರೆ ಹಿಂದಿನ ಗೆಲುವುಗಳಿಗೆ ಬೆಲೆಯಿಲ್ಲ. ದೇಶಕ್ಕೆಲ್ಲ ಉಪಯೋಗವಾದ ಒಂದು ಸ್ಪಷ್ಟ ತೀರ್ಪು ಸಿಕ್ಕಿತು, ಒಳ್ಳೆಯದೇ. ಅದಕ್ಕೆ ಬೆಲೆ ತೆತ್ತವನು ಒಬ್ಬ ಮೊಸರು ಮಾರುವವನು. ಹಾಗೆಂದು ಸರ್ಕಾರಕ್ಕೆ ಅಪೀಲಿನ ಹಕ್ಕೇ ಬೇಡ ಎನ್ನುವುದೂ ಸರಿಯಲ್ಲ. ಒಬ್ಬ ಮ್ಯಾಜಿಸ್ಟ್ರೇಟರು ಕಾನೂನನ್ನು ತಪ್ಪಾಗಿ ಓದಿದರೆ ಆ ತಪ್ಪು ನಾಳೆ ನೂರು ಮೊಕದ್ದಮೆಗಳಲ್ಲಿ ಮರುಕಳಿಸೀತು. ಹೀಗಾಗಿಯೇ 1973ರ ಸಂಹಿತೆ ಸರ್ಕಾರಕ್ಕೂ ಒಂದು ಬಾಗಿಲು ಕಟ್ಟಿತು. ಹೈಕೋರ್ಟಿನಲ್ಲಿ ಅಪೀಲು ಅಂಗೀಕಾರವಾಗಬೇಕಾದರೆ ಮೊದಲು ಅದರ ಅನುಮತಿ ಪಡೆಯಬೇಕು. 2006ರಿಂದ ಒಂದು ವಿಚಿತ್ರವೂ ಸೇರಿಕೊಂಡಿದೆ. ಜಾಮೀನಿಲ್ಲದ, ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧದಲ್ಲಿ ಮ್ಯಾಜಿಸ್ಟ್ರೇಟರು ಬಿಟ್ಟವನ ವಿರುದ್ಧ ಸರ್ಕಾರದ ಅಪೀಲು ಹತ್ತಿರದ ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತದೆ. ಅದಕ್ಕಿಂತ ಚಿಕ್ಕ ಅಪರಾಧದ್ದಾದರೆ ದೂರದ ಹೈಕೋರ್ಟಿಗೆ! 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 419ನೆಯ ಕಲಮಿನಲ್ಲೂ ಇದು ಹಾಗೆಯೇ ಮುಂದುವರಿದಿದೆ.

ಮಾದರಿಯ ಕಥೆ ಮಾತ್ರ ಬಹಳ ಬದಲಾಗಿದೆ. 1976ರ ತಿದ್ದುಪಡಿಯಿಂದ ಮಾರಾಟಗಾರನ ಕೈಗೆ ಮಾದರಿ ಕೊಡುವುದು ನಿಂತಿತು. ಒಂದು ಭಾಗ ವಿಶ್ಲೇಷಕರಿಗೆ ಹೋದರೆ ಉಳಿದೆರಡು ಸ್ಥಳೀಯ ಆರೋಗ್ಯ ಪ್ರಾಧಿಕಾರದ ಸುಪರ್ದಿಗೆ. ಮನೆಯಲ್ಲಿ ತಂಗಳಪೆಟ್ಟಿಗೆ ಇಲ್ಲದ ಮನುಷ್ಯನಿಗೆ ಮೊಹರು ಹಾಕಿದ ಸೀಸೆ ಕೊಟ್ಟು ಕಾಪಾಡಿಕೋ ಎನ್ನುವ ತಮಾಷೆ ಅಲ್ಲಿಗೆ ಮುಗಿಯಿತು. 2011ರ ಆಗಸ್ಟ್ 5ರಿಂದ ಹಳೆಯ ಕಾಯ್ದೆಯೇ ಹೋಗಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಜಾರಿಗೆ ಬಂತು. ಈಗ ಮಾದರಿಯನ್ನು ಮಾಡುವುದು ನಾಲ್ಕು ಭಾಗ. ವ್ಯಾಪಾರಿ ಕೇಳಿಕೊಂಡರೆ ನಾಲ್ಕನೆಯದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಬೇಕು. ವಿಶ್ಲೇಷಕರು 14 ದಿನಗಳಲ್ಲಿ ವರದಿ ಕೊಡಬೇಕು. ಕೊಬ್ಬು ಸ್ವಲ್ಪ ಕಡಿಮೆಯಿರುವ ಮೊಸರು ತಿನ್ನಲು ಅಪಾಯಕರವಲ್ಲದಿದ್ದರೆ ಅದಕ್ಕೆ ಜೈಲಿಲ್ಲ. ನಿರ್ಣಯಾಧಿಕಾರಿ ಐದು ಲಕ್ಷ ರೂಪಾಯಿಯವರೆಗೆ ದಂಡ ಹಾಕಬಹುದು. ಜೀವಕ್ಕೆ ಅಪಾಯವಾಗುವ ಆಹಾರಕ್ಕೆ ಮಾತ್ರ ಕ್ರಿಮಿನಲ್ ಮೊಕದ್ದಮೆ.

ಅಂದಿನ ಕೇಂದ್ರ ಆಹಾರ ಪ್ರಯೋಗಾಲಯ ಇದ್ದದ್ದು ಕಲ್ಕತ್ತೆಯಲ್ಲಿ. ಮುಂದೆ ಅಂಥವು ನಾಲ್ಕಾದಾಗ ಘಾಜಿಯಾಬಾದ್, ಪುಣೆಗಳ ಜೊತೆಗೆ ಮೈಸೂರಿಗೂ ಒಂದು ಬಂತು. ಅದು ಚೆಲುವಾಂಬ ವಿಲಾಸದ ಆವರಣದಲ್ಲಿ 1950ರಿಂದ ನಡೆದುಬಂದ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲಿದೆ. ಹೊಸ ಕಾಯ್ದೆಯಲ್ಲೂ ಆ ಸಂಸ್ಥೆ ವಿವಾದದ ಮಾದರಿಗಳನ್ನು ಮರುಪರೀಕ್ಷೆ ಮಾಡುವ ಪ್ರಯೋಗಾಲಯಗಳಲ್ಲಿ ಒಂದು. ಶಾಲೆಯವರು ಮೊದಲೇ ಬರೆದು ಅನುಮತಿ ಕೇಳಿದರೆ ವಿದ್ಯಾರ್ಥಿಗಳಿಗೆ ಸಂಸ್ಥೆಯನ್ನು ನೋಡುವ ಅವಕಾಶ ಸಿಗಬಹುದು. ಹಾಗೆ ಹೋದವರು ಹಾಲಿನ ಮಾದರಿಯ ಸೀಸೆಯೊಂದನ್ನು ಕಂಡರೆ, ಅದರ ಚೀಟಿಯ ಮೇಲೆ ಯಾವ ಸಂರಕ್ಷಕವನ್ನು ಎಷ್ಟು ಹಾಕಿದೆ ಎಂದು ಬರೆದಿದೆಯೇ ನೋಡಲಿ.